ಬದುವಿನ ಮೇಲೆ ಕೂತು ಪಾಠ ಮಾಡಿದ ಮಾಸ್ತರು

ಧಾರವಾಡ

ಪ್ರೀತಿಯ ತಮ್ಮಾ,

ನಿನ್ನ ಪತ್ರ, ಅದರ ಜೊತೆಗಿನ ಲೇಖನ ಶುಕ್ರವಾರ ಬಂದವು. ಅವತ್ತೇ ಉತ್ತರ ಬರೆಯೋಣ ಅಂತ ಕೂತೆ, ಆಗಲಿಲ್ಲ. ನಿನ್ನ ಮಾಸ್ತರನ್ನು ನಾನು ನೋಡಿದ್ದು ಒಂದೇ ಸಲ. ನಿನ್ನ ಮೊದಲ ಕಥೆಗೆ ಬಹುಮಾನ ಬಂದಾಗ ನಿನ್ನ ಜೊತೆ ಧಾರವಾಡಕ್ಕೆ ಬಂದಿದ್ದರು. ಕೊನೆಯ ಸಾಲಿನಲ್ಲಿ ಕೂತಿದ್ದರು. ನಿನ್ನ ಹೆಸರು ಕರೆದಾಗ ಎಲ್ಲರೂ ಚಪ್ಪಾಳೆ ಹೊಡೆದರು. ಅವರು ಮಾತ್ರ ತಲೆಯ ಮೇಲಿನ ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತರು. ಶುಕ್ರವಾರ ಪೂರ್ತಿ ನನಗೆ ಆ ಟೊಪ್ಪಿಗೆಯೇ ಕಣ್ಣ ಮುಂದೆ ಬರುತ್ತಿತ್ತು.

ನುಡಿನಮನದ ದಿನ ಹಂಚುವ ಪುಸ್ತಿಕೆಗೆ ಎರಡು ಪುಟ ಬೇಕಂತೆ, ತಿದ್ದಿ ಕೊಡಿ ಅಕ್ಕೋರ ಅಂತ ಕೇಳಿದ್ದೀಯ. ಅವರು ಹೋಗಿ ಇನ್ನೂ ತಿಂಗಳಾಗಿಲ್ಲ. ಇಂಥ ಹೊತ್ತಿನಲ್ಲಿ ತಪ್ಪು ತೋರಿಸಲು ನನಗೆ ಮನಸ್ಸಿಲ್ಲ. ಆದರೆ ನೀನು ಬರೆಯುವವನು, ಮುಂದೆಯೂ ಬರೆಯುವವನು. ಅದಕ್ಕೇ ಹೇಳುತ್ತೇನೆ.

ಲೇಖನದಲ್ಲಿ 'ಜ್ಞಾನದ ಗಣಿ' ಇದೆ, 'ಅಜಾತಶತ್ರು' ಇದೆ, 'ತುಂಬಲಾರದ ನಷ್ಟ' ಎರಡು ಕಡೆ ಇದೆ. ಯಾವುದೂ ಸುಳ್ಳಲ್ಲ, ಗೊತ್ತು. ಅವರ ಹೆಸರು ತೆಗೆದು ಹಾವೇರಿ ಜಿಲ್ಲೆಯ ಬೇರೆ ಯಾವ ಒಳ್ಳೆಯ ಮಾಸ್ತರ ಹೆಸರು ಹಾಕಿದರೂ ಈ ಎರಡು ಪುಟ ಹಾಗೇ ನಡೆದುಹೋಗುತ್ತವೆ, ಅಲ್ವಾ? ನಿನ್ನ ಮಾಸ್ತರು ಅದರೊಳಗೆ ಇಲ್ಲ.

ಅವರು ಇರುವುದು ನಿನ್ನ ಪತ್ರದ ಕೊನೆಗೆ. ಸಹಿ ಹಾಕಿದ ಮೇಲೆ, ಜಾಗ ಸಾಲದೆ ಅಂಚಿನಲ್ಲಿ ಓರೆಯಾಗಿ ಬರೆದಿದ್ದೀಯಲ್ಲ, ಅಲ್ಲಿ. ಸಂಕ್ರಮಣ ಮುಗಿದ ಮೇಲೆ ಮೆಣಸಿನಕಾಯಿ ಬಿಡಿಸುವ ಕೆಲಸ ಜೋರಾಗುತ್ತಿತ್ತು, ಅರ್ಧ ತರಗತಿ ಕೂಲಿಗೆ ಹೋಗುತ್ತಿತ್ತು, ಪರೀಕ್ಷೆಯೂ ಆಗಲೇ ಹತ್ತಿರ ಬರುತ್ತಿತ್ತು. ಮಾಸ್ತರು ಯಾರನ್ನೂ ಬೈಯಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಸೈಕಲ್ ಹೊಡೆದುಕೊಂಡು ಹೊಲಕ್ಕೇ ಬಂದರು. ಬದುವಿನ ಮೇಲೆ ಕೂತು ಭಾಮಿನಿ ಷಟ್ಪದಿ ಹೇಳಿಕೊಟ್ಟರು. ಕೆಂಪು ಕಾಯಿಗಳನ್ನೇ ಸಾಲಾಗಿ ಇಟ್ಟು ಮೂರು, ನಾಲ್ಕು, ಮೂರು, ನಾಲ್ಕು ಅಂತ ಮಾತ್ರೆ ಎಣಿಸಿದರು. ಮೂರನೆಯ ಸಾಲಿಗೆ ಬಂದಾಗ ಕಾಯಿ ಸಾಲದೆ ನಿನ್ನ ಬುಟ್ಟಿಗೆ ಕೈ ಹಾಕಿದರು. ಇವತ್ತಿಗೂ ಕುಮಾರವ್ಯಾಸನ ಪದ್ಯ ಓದುವಾಗ ನಿನ್ನ ಬೆರಳು ಕಾಯಿ ಎಣಿಸುತ್ತವೆ ಅಂತ ಬರೆದಿದ್ದೀಯ.

ತಮ್ಮಾ, ಇದನ್ನು ಯಾಕೆ ಲೇಖನದಲ್ಲಿ ಹಾಕಲಿಲ್ಲ? 'ಇದು ಸಣ್ಣ ವಿಷಯ' ಅಂತ ನೀನೇ ಬರೆದಿದ್ದೀಯ. ಸಣ್ಣದಲ್ಲ. ಭಾಮಿನಿಯ ಮೂರನೆಯ, ಆರನೆಯ ಸಾಲು ಉದ್ದ. ಮೂರು ನಾಲ್ಕರ ಜೋಡಿ ಅಲ್ಲಿ ಮೂರು ಸಲ ಬಂದು, ಮೇಲೊಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ, ಬೇಕು. ಬುಟ್ಟಿಗೆ ಕೈ ಹಾಕದೆ ಅವರಿಗೆ ಬೇರೆ ದಾರಿಯೇ ಇರಲಿಲ್ಲ. ಷಟ್ಪದಿ ಗೊತ್ತಿದ್ದವರಿಗೆ ಆ ಒಂದು ಸಾಲಿನಲ್ಲಿ ಅವರ ವಿದ್ಯೆ ಕಾಣುತ್ತದೆ, ಗೊತ್ತಿಲ್ಲದವರಿಗೆ ಅವರ ಪ್ರೀತಿ ಕಾಣುತ್ತದೆ. 'ಜ್ಞಾನದ ಗಣಿ' ಅನ್ನುವ ಮಾತು ಆಮೇಲೆ ಬೇಕಾಗುವುದೇ ಇಲ್ಲ.

ಇದು ನಾನು ಕಲಿತಿದ್ದು ನೋವಿನಿಂದ. ನನ್ನ ಗುರುಗಳು ಧಾರವಾಡದ ಒಂದು ಕಾಲೇಜಿನಲ್ಲಿ ಕನ್ನಡ ಹೇಳುತ್ತಿದ್ದರು. ಮಾಳಮಡ್ಡಿಯಲ್ಲಿ ಬಾಡಿಗೆ ಮನೆ. ಅವರು ತೀರಿಕೊಂಡಾಗ ನನಗೆ ನಿನಗಿಂತ ಸ್ವಲ್ಪ ಜಾಸ್ತಿ ವಯಸ್ಸು. ಶ್ರದ್ಧಾಂಜಲಿ ಸಭೆಯಲ್ಲಿ ಓದಲು ನಾಲ್ಕು ಪುಟ ಬರೆದೆ. 'ಎಂದೂ ಸಿಟ್ಟಾಗದ ಶಾಂತಮೂರ್ತಿ' ಅಂತ ಓದಿದೆ. ಜನ ಕಣ್ಣೀರು ಒರೆಸಿಕೊಂಡರು. ಸಭೆ ಮುಗಿದ ಮೇಲೆ ಅವರ ಹೆಂಡತಿ, ನಾವೆಲ್ಲ ಕಾಕು ಅಂತ ಕರೆಯುತ್ತಿದ್ದೆವು, ನನ್ನ ಕೈ ಹಿಡಿದುಕೊಂಡು ಕೇಳಿದರು: "ಛಂದ ಬರದೀ, ತಂಗಿ. ಆದ್ರ ಇದರಾಗ ನಮ್ಮವರು ಎಲ್ಲಿದ್ದಾರ?"

ನನಗೆ ಮಾತೇ ಹೊರಡಲಿಲ್ಲ. ಅವರು ಬೇಜಾರಿನಿಂದ ಕೇಳಿದ್ದಲ್ಲ, ನಿಜವಾಗಿ ಹುಡುಕಿದ್ದರು. ಗಂಡ ತೀರಿ ಹದಿನೈದು ದಿನವಾಗಿತ್ತು. ನಾಲ್ಕು ಪುಟದಲ್ಲಿ ಎಲ್ಲಾದರೂ ಅವರ ದನಿ ಕೇಳಬಹುದು ಅಂತ ಕಾದು ಕೂತಿದ್ದರು. ನಾನು ಕೊಡಲಿಲ್ಲ. ಗುರುಗಳಿಗೆ ಸಿಟ್ಟು ಬರುತ್ತಿತ್ತು ಅಂತ ಆ ಮನೆಯಲ್ಲಿ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಸಿಟ್ಟು ಬಂದರೆ ಅಂಗಳಕ್ಕೆ ಹೋಗಿ ಗಿಡಕ್ಕೆ ನೀರು ಹಾಕುತ್ತಿದ್ದರು, ಎರಡು ಕೊಡ ಮುಗಿಯುವ ತನಕ ಒಳಗೆ ಬರುತ್ತಿರಲಿಲ್ಲ. ನಾನೂ ನೋಡಿದ್ದೆ. ಆದರೆ ಸತ್ತವರ ಬಗ್ಗೆ ಹೀಗೆಲ್ಲ ಬರೆಯುವುದು ಸರಿಯಲ್ಲ ಅಂದುಕೊಂಡು 'ಶಾಂತಮೂರ್ತಿ' ಮಾಡಿಬಿಟ್ಟೆ.

ನಮ್ಮ ಪ್ರಬಂಧಗಳನ್ನು ಅವರು ಪೆನ್ಸಿಲ್ಲಿನಲ್ಲೇ ತಿದ್ದುತ್ತಿದ್ದರು. ಯಾಕೆ ಸರ್ ಅಂತ ಕೇಳಿದ್ದಕ್ಕೆ, "ನನ್ನ ತಿದ್ದುಪಡಿ ತಪ್ಪಿದ್ದರ ನೀ ಅಳಿಸಬೇಕಲ್ಲ" ಅಂದರು. ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ ಒಂದು ಪುಟದ ಅಂಚಿಗೆ ಅವರು ಬರೆದ ಮೂರೇ ಮಾತಿವೆ: "ನೀ ನೋಡಿದ್ದು ಏನು?" ಮಳೆಗಾಲದ ಮೇಲೆ ನಾನು ಬರೆದಿದ್ದ ಪ್ರಬಂಧ ಅದು. ಮೋಡ, ನವಿಲು, ಎಲ್ಲ ಇತ್ತು. ಧಾರವಾಡದ ಮಳೆ ಇರಲಿಲ್ಲ. ಆ ಪುಟವನ್ನು ನಾನು ಇನ್ನೂ ಅಳಿಸಿಲ್ಲ.

ಹಾಗಂತ ಹೊಗಳಲೇಬೇಡ ಅಂತಲ್ಲ. ಶಿಶುನಾಳ ಶರೀಫರನ್ನು ನೋಡು. ಕಳಸದ ಗೋವಿಂದಭಟ್ಟರು ಅವರ ಗುರುಗಳು. ಒಂದನ್ನೊಂದು ನುಂಗುತ್ತಾ ಹೋಗುವ ಆ ಪದ ನಿನಗೆ ಗೊತ್ತಲ್ಲ, ನಿಮ್ಮ ಕಡೆ ಕೂಸಿಗೂ ಗೊತ್ತು. ಎಲ್ಲ ನುಂಗಿ ಮುಗಿದ ಮೇಲೆ ಗೋವಿಂದ ಗುರುವಿನ ಪಾದ ಹಾಡುವವನನ್ನೇ ನುಂಗುತ್ತದೆ. ಅಲ್ಲಿ ಗುರುವಿಗೆ ಒಂದೇ ಒಂದು ಬಿರುದು ಇಲ್ಲ. ಗುರು ತನಗೆ ಏನು ಮಾಡಿದ ಅನ್ನುವುದು ಇದೆ, ಅಷ್ಟೇ. ಅದಕ್ಕಿಂತ ದೊಡ್ಡ ಹೊಗಳಿಕೆ ನನಗಂತೂ ಗೊತ್ತಿಲ್ಲ.

ಈಗ ಕೆಲಸದ ಮಾತು. ಪುಸ್ತಿಕೆಗೆ ಇನ್ನೂ ಹತ್ತು ದಿನ ಇದೆ ಅಂದಿದ್ದೀಯ. ಬರೆಯುವುದು ಒಂದು ದಿನ ಸಾಕು, ಒಂಬತ್ತು ದಿನ ತಿರುಗಾಡು. ನಿನ್ನ ಹಾಗೆ ಓದಿ ಮುಂದೆ ಬಂದವರು ಎಲ್ಲರೂ ಒಂದೇ ಮಾತು ಹೇಳುತ್ತಾರೆ. ಓದು ಬಿಟ್ಟವರ ಹತ್ತಿರ ಹೋಗು. ಬ್ಯಾಡಗಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡುವ ನಿನ್ನ ಬೆಂಚಿನ ಗೆಳೆಯನನ್ನು ಕೇಳು. ಕೊನೆಯ ಬೆಂಚಿನವರಿಗೆ ಮಾಸ್ತರು ಹೇಗೆ ಕಾಣುತ್ತಿದ್ದರು ಅನ್ನುವುದು ಮೊದಲ ಬೆಂಚಿನ ನಿನಗೆ ಗೊತ್ತಿರುವುದಿಲ್ಲ. ಅವರ ಹೆಂಡತಿಯನ್ನು ಕೇಳು, ಆದರೆ ಪೆನ್ನು ಹಿಡಿದು ಕೇಳಬೇಡ. ಚಹಾ ಕುಡಿ, ಸುಮ್ನೆ ಕೂತುಕೋ. ತಾವಾಗಿ ಹೇಳಿದಾಗ ಕೇಳಿಸಿಕೋ, ಮನೆಗೆ ಬಂದು ಬರೆದುಕೋ. ಅವರು ಹೇಳಿದ ಮಾತನ್ನು ಅವರ ಮಾತಿನಲ್ಲೇ ಇಡು. 'ಹೋಗ್ಯಾರ' ಅಂದಿದ್ದನ್ನು 'ನಿಧನರಾದರು' ಅಂತ ಮಾಡಬೇಡ.

ಹುಟ್ಟಿದ ದಿನ ಜೂನ್ 1 ಅಂತ ಹಾಕಿದ್ದೀಯ. ಶಾಲೆಯ ದಾಖಲೆಯಿಂದ ತೆಗೆದುಕೊಂಡಿರಬೇಕು. ಆ ತಲೆಮಾರಿನ ಎಷ್ಟೋ ಜನರ ಹುಟ್ಟಿದ ದಿನ ಜೂನ್ 1, ಹೆಸರು ಹಚ್ಚುವಾಗ ಹೆಡ್ ಮಾಸ್ತರು ಹಾಕಿದ್ದು. ಮನೆಯವರನ್ನು ಕೇಳು. ಶೀಗಿ ಹುಣ್ಣಿಮೆ ಮರುದಿನ ಹುಟ್ಟಿದ್ದು ಅಂತಲೋ, ಜೋಳ ಕೊಯ್ಯುವಾಗ ಅಂತಲೋ ಹಿರಿಯರೊಬ್ಬರಿಗೆ ನೆನಪಿರುತ್ತದೆ. ಅದನ್ನೇ ಬರೆ. ಯಾವ ಯಾವ ಊರಿನಲ್ಲಿ ಎಷ್ಟು ವರ್ಷ ಇದ್ದರು ಅನ್ನುವುದು ಮಾತ್ರ ಸೇವಾ ಪುಸ್ತಕ ನೋಡಿಯೇ ಬರೆ. ಪುಸ್ತಿಕೆಯಲ್ಲಿ ಬಂದ ತಪ್ಪು ಇಸವಿ ಮುಂದೆ ಎಲ್ಲ ಕಡೆ ಹಾಗೇ ಹೋಗುತ್ತದೆ.

ಇನ್ನು ಆ ಛಡಿಯ ಮಾತು. ಒಬ್ಬ ಹುಡುಗನಿಗೆ ಮಾಸ್ತರು ಒಮ್ಮೆ ಬಹಳ ಹೊಡೆದಿದ್ದರು, ಅವನು ಮತ್ತೆ ಶಾಲೆಗೆ ಬರಲಿಲ್ಲ, ಇದನ್ನು ಬರೆಯಬೇಕೋ ಬಿಡಬೇಕೋ ಅಂತ ಕೇಳಿದ್ದೀಯ. ಈ ಪ್ರಶ್ನೆ ಕೇಳಿದ್ದಕ್ಕೇ ನಿನ್ನ ಮೇಲೆ ನನಗೆ ನಂಬಿಕೆ ಬಂತು. ಇದರ ಬಗ್ಗೆ ನಾನು ಬಹಳ ಯೋಚನೆ ಮಾಡಿದೆ. ಅದು ನಿನ್ನ ಕಥೆಯಲ್ಲ, ಆ ಹುಡುಗನದು. ಈಗ ಅವನಿಗೂ ಮಕ್ಕಳಿರಬಹುದು. ಅವನ ಮನೆಗೆ ಹೋಗು. ಮಾಸ್ತರು ಹೋದರು ಅಂತ ಹೇಳು. ಅವನು ಏನು ಹೇಳುತ್ತಾನೋ ಕೇಳು. ಬರೆಯಬೇಡ ಅಂದರೆ ಬರೆಯಬೇಡ. ಬರಿ ಅಂದರೆ, ಅವನು ಹೇಳಿದಷ್ಟೇ ಬರಿ, 'ಆದರೂ ಅವರ ಉದ್ದೇಶ ಒಳ್ಳೆಯದಿತ್ತು' ಅಂತ ನಿನ್ನ ಕಡೆಯಿಂದ ಬಾಲ ಹಚ್ಚಬೇಡ. ಒಂದು ವೇಳೆ ಬರೆಯದೇ ಇದ್ದರೂ, 'ಎಂದೂ ಕೈ ಎತ್ತದ ಗುರು' ಅನ್ನುವ ಸಾಲು ಈಗಲೇ ತೆಗೆದುಬಿಡು. ಆ ಪುಸ್ತಿಕೆ ಅವನ ಕೈಗೂ ಹೋಗುತ್ತದೆ. ಆ ಸಾಲು ಓದಿದರೆ ಅವನಿಗೆ ಎರಡನೆಯ ಸಲ ಹೊಡೆದ ಹಾಗೆ.

ಎರಡು ವರ್ಷದಿಂದ ಅವರನ್ನು ನೋಡಲು ಹೋಗಿರಲಿಲ್ಲ ಅಂತ ಅತ್ತಿದ್ದೀಯ. ನನ್ನ ಗುರುಗಳನ್ನು ನೋಡಲು ನಾನೂ ಹೋಗಿರಲಿಲ್ಲ, ತಮ್ಮಾ. ಇಲ್ಲೇ ಧಾರವಾಡದಲ್ಲಿ, ನಡೆದರೆ ಅರ್ಧ ಗಂಟೆಯ ದಾರಿ. ನಾಳೆ ಹೋಗೋಣ, ಹೊಸ ಪುಸ್ತಕ ಬಂದ ಮೇಲೆ ಒಂದು ಪ್ರತಿ ಹಿಡಿದುಕೊಂಡು ಹೋಗೋಣ ಅಂತ ತಡ ಮಾಡಿದೆ. ಪುಸ್ತಕ ಬರುವುದರೊಳಗೆ ಅವರು ಹೋದರು. ಆ ಪ್ರತಿ ಕಾಕು ಅವರ ಕೈಗೆ ಕೊಟ್ಟೆ. ಇದಕ್ಕೆ ಸಮಾಧಾನ ಹೇಳುವುದು ನನ್ನಿಂದ ಆಗುವುದಿಲ್ಲ. ಆದರೆ ಈ ಅಳು ಪುಸ್ತಿಕೆಯಲ್ಲಿ ಬೇಡ. ಅಲ್ಲಿ ಜಾಗ ಇರುವುದು ಎರಡೇ ಪುಟ, ಅಷ್ಟೂ ಅವರದಾಗಿರಲಿ. ನಿನ್ನ ಪಶ್ಚಾತ್ತಾಪಕ್ಕೆ ಬೇರೆ ಕಾಗದ ಇದೆ, ನನಗೆ ಬರಿ.

ಹಳೇ ವಿದ್ಯಾರ್ಥಿಗಳು ದುಡ್ಡು ಕೂಡಿಸಿ ದತ್ತಿ ಇಡಬೇಕು ಅಂತಿದ್ದಾರಲ್ಲ, ಒಳ್ಳೆಯದು. ನಮ್ಮ ಧಾರವಾಡದಲ್ಲಿ ಇದು ರೂಢಿಯೇ ಆಗಿದೆ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಇಂಥ ದತ್ತಿ ಉಪನ್ಯಾಸಗಳನ್ನು ಎಷ್ಟು ಕೇಳಿದ್ದೇನೋ ಲೆಕ್ಕವಿಲ್ಲ. ಮೂಲಧನ ಠೇವಣಿಯಲ್ಲಿ ಇರುತ್ತದೆ, ಬಡ್ಡಿಯಲ್ಲಿ ವರ್ಷಕ್ಕೊಂದು ಕಾರ್ಯಕ್ರಮ. ಆದರೆ ಬಡ್ಡಿ ಇಳಿದರೆ ಕಾರ್ಯಕ್ರಮವೂ ಇಳಿಯುತ್ತದೆ, ಮತ್ತೆ ಹಾರ, ಶಾಲು, ಅತಿಥಿಯ ಭಾಷಣದಲ್ಲಿ ಯಾರ ಹೆಸರಿನ ದತ್ತಿ ಅನ್ನುವುದೇ ಎಷ್ಟೋ ಸಲ ಮರೆತುಹೋಗುತ್ತದೆ. ನನ್ನ ಮಾತು ಕೇಳುವುದಾದರೆ ಭಾಷಣ ಬೇಡ. ಅವರದೇ ಶಾಲೆಯಲ್ಲಿ, ಕಾಯಿ ಬಿಡಿಸುವ ಕಾಲದಲ್ಲಿ, ಮಕ್ಕಳಿಂದ ಕುಮಾರವ್ಯಾಸ ಓದಿಸಿ. ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ಹೋದರು. ಮರುವರ್ಷವೇ ಅವರ ಶಿಷ್ಯ ಭೀಮಸೇನ ಜೋಶಿಯವರು ಪುಣೆಯಲ್ಲಿ ಗುರುವಿನ ಹೆಸರಿನಲ್ಲಿ ಸಂಗೀತ ಉತ್ಸವ ಶುರು ಮಾಡಿದರು. ಹಾಡುವವರು, ಹಾಡಿನಿಂದಲೇ ನೆನೆದರು.

ಗದಗಿಗೆ ಹೋದಾಗಲೆಲ್ಲ ನನಗೆ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗಿ ಬರಬೇಕು ಅನ್ನಿಸುತ್ತದೆ. ಪಂಚಾಕ್ಷರಿ ಗವಾಯಿಗಳು 1944ರಲ್ಲಿ ತೀರಿಕೊಂಡಾಗ ಪುಟ್ಟರಾಜ ಗವಾಯಿಗಳಿಗೆ ಮೂವತ್ತು ವರ್ಷ. ಗುರುವಿಗೂ ಕಣ್ಣಿಲ್ಲ, ಶಿಷ್ಯನಿಗೂ ಕಣ್ಣಿಲ್ಲ. ಆಶ್ರಮದ ತುಂಬ ಕಣ್ಣಿಲ್ಲದ, ಬಡ ಮನೆಯ ಮಕ್ಕಳು. ಅವರಿಗೆ ಊಟ ಹಾಕಬೇಕು, ಸ್ವರ ಕಲಿಸಬೇಕು. 2010ರಲ್ಲಿ ತಾವು ಹೋಗುವ ತನಕ, ಅರವತ್ತಾರು ವರ್ಷ, ಪುಟ್ಟರಾಜರು ಗುರುವಿನ ಆ ಕೆಲಸ ಬಿಡಲಿಲ್ಲ. ಬರೆದ ನಾಟಕ, ಪುರಾಣ ಎಲ್ಲ ಅದರ ಜೊತೆ ಜೊತೆಗೇ. ಅಲ್ಲಿ ಹಾರ್ಮೋನಿಯಂ ಮುಂದೆ ಕೂತ ಪುಟ್ಟ ಹುಡುಗ ತಡವರಿಸುತ್ತಾ ಸಾ ಹಿಡಿಯುವುದನ್ನು ಕೇಳಿದರೆ ನನಗೆ ಎದೆ ತುಂಬಿ ಬರುತ್ತದೆ.

'ಇನ್ನು ನನ್ನನ್ನು ತಿದ್ದುವವರು ಯಾರು' ಅಂತ ಪತ್ರದ ನಡುವೆ ಒಂದು ಸಾಲು ಬರೆದು ಹೊಡೆದು ಹಾಕಿದ್ದೀಯ. ನಾನು ಓದಿದೆ. ಮಲ್ಲಿಕಾರ್ಜುನ ಮನ್ಸೂರರಿಗೆ ಗುರು ಮಂಜಿಖಾನರು ಸಿಕ್ಕಿದ್ದು ಬಹಳ ಸ್ವಲ್ಪ ಕಾಲ. 1937ರಲ್ಲಿ ಖಾನಸಾಹೇಬರು ತೀರಿಕೊಂಡರು. ಮನ್ಸೂರರು ಆಗಲೇ ಹೆಸರು ಮಾಡಿದ್ದ ಗಾಯಕ. ಆದರೂ ಗುರುವಿನ ತಮ್ಮ ಬುರ್ಜಿಖಾನರ ಮುಂದೆ ಹೋಗಿ ಮತ್ತೆ ಶಿಷ್ಯನಾಗಿ ಕೂತರು. ನೀನೂ ಕೂರು. ನನ್ನ ಹತ್ತಿರವೇ ಅಂತಲ್ಲ, ಯಾರ ಹತ್ತಿರ ನಿನ್ನ ಮಾತು ನಿಲ್ಲುತ್ತದೋ ಅವರ ಹತ್ತಿರ.

ಲೇಖನವನ್ನು ಈ ಪತ್ರದ ಜೊತೆಗೇ ಇಟ್ಟಿದ್ದೇನೆ. ಪೆನ್ಸಿಲ್ಲಿನಲ್ಲಿ ಗುರುತು ಮಾಡಿದ್ದೇನೆ, ನಾನು ತಪ್ಪಿದ ಕಡೆ ಅಳಿಸಿಕೋ. ಮೊದಲ ಪುಟ ಪೂರ್ತಿ ಬಿಡು. ಬದುವಿನಿಂದ ಶುರು ಮಾಡು. ಅವತ್ತು ಅವರು ಹೇಳಿಕೊಟ್ಟ ಪದ್ಯ ಯಾವುದು ಅಂತ ನೀನು ಬರೆದಿಲ್ಲ, ನೆನಪು ಮಾಡಿಕೋ. ನೆನಪಾಗದಿದ್ದರೆ ಆ ಹಮಾಲಿ ಗೆಳೆಯನನ್ನು ಕೇಳು, ಅವನಿಗೆ ಬಾಯಿಪಾಠ ಇದ್ದರೂ ಇರಬಹುದು. ಮತ್ತೆ ಆ ಸೈಕಲ್. ಅದು ಈಗ ಯಾರ ಮನೆಯಲ್ಲಿದೆ?

ನಿನ್ನ,
ಅಕ್ಕೋರು