ಬಾಡಿಗೆ ಕಾರಿನ ಠೇವಣಿಯಲ್ಲಿ ಮುರಿದುಕೊಂಡ ಹಣದ ಕುರಿತು ದೂರು

ಇವರಿಂದ:
ಕೌಲ್ ಬಜಾರ್ ನಿವಾಸಿ, ಬಳ್ಳಾರಿ

ಇವರಿಗೆ:
ಗ್ರಾಹಕರ ದೂರು ವಿಭಾಗದ ಮುಖ್ಯಸ್ಥರು,
ಸೆಲ್ಫ್ ಡ್ರೈವ್ ಕಾರು ಬಾಡಿಗೆ ಸಂಸ್ಥೆ, ಬೆಂಗಳೂರು

ವಿಷಯ: ಠೇವಣಿಯಿಂದ ಕಡಿತಗೊಳಿಸಿದ 7,800 ರೂಪಾಯಿ ಮರಳಿಸುವ ಬಗ್ಗೆ ಹಾಗೂ ಬಿಳಿ ಬೋರ್ಡಿನ ವಾಹನ ನೀಡಿದ ಬಗ್ಗೆ

ಮಾನ್ಯರೇ,

ಪುಣೆಯಿಂದ ಬಂದಿದ್ದ ನನ್ನ ತಂಗಿಯ ಮನೆಯವರನ್ನು ಹಂಪಿ, ಆನೆಗೊಂದಿ, ಅಂಜನಾದ್ರಿ ಹಾಗೂ ಮಂತ್ರಾಲಯಕ್ಕೆ ಕರೆದೊಯ್ಯಲು ಕಳೆದ ತಿಂಗಳು ತಮ್ಮ ಬಳ್ಳಾರಿ ಶಾಖೆಯಿಂದ ಏಳು ಸೀಟಿನ ಕಾರೊಂದನ್ನು ನಾಲ್ಕು ದಿನಗಳ ಮಟ್ಟಿಗೆ ಬಾಡಿಗೆಗೆ ಪಡೆದಿದ್ದೆ. ಬಾಡಿಗೆ 11,200 ರೂಪಾಯಿಯನ್ನೂ ಠೇವಣಿ 10,000 ರೂಪಾಯಿಯನ್ನೂ ಮುಂಗಡವಾಗಿಯೇ ಕಟ್ಟಿದ್ದೇನೆ. ಕಾರು ಹಿಂತಿರುಗಿಸಿದ ಹನ್ನೊಂದನೆಯ ದಿನ ನನ್ನ ಖಾತೆಗೆ ಬಂದದ್ದು 2,200 ರೂಪಾಯಿ ಮಾತ್ರ. ಉಳಿದ 7,800 ರೂಪಾಯಿಯನ್ನು ಎಡಗಡೆಯ ಹಿಂಬಾಗಿಲಿನ ಗೀರಿಗೆಂದು ಮುರಿದುಕೊಂಡಿರುವುದಾಗಿ ಒಂದು ಸಾಲಿನ ಸಂದೇಶ ಬಂದಿತು.

ಆ ಗೀರು ನಾನು ಮಾಡಿದ್ದಲ್ಲ. ಕೀಲಿ ಪಡೆದ ಬೆಳಿಗ್ಗೆ ಕಾರಿನ ಮೈಮೇಲೆಲ್ಲ ಅದಿರು ಲಾರಿಗಳು ಓಡಾಡುವ ರಸ್ತೆಯ ಕೆಂಪು ಧೂಳು ದಪ್ಪಗೆ ಕೂತಿತ್ತು. ತೊಳೆಯದೆಯೇ ಕೊಡುತ್ತಿದ್ದೀರಲ್ಲ ಎಂದು ಕೇಳುತ್ತಲೇ ಟವೆಲಿನ ತುದಿಯಿಂದ ಬಾಗಿಲನ್ನು ಒರೆಸಿದಾಗ, ಹಿಡಿಕೆಯ ಕೆಳಗೆ ಗೇಣುದ್ದದ ಗೀರು ಕಾಣಿಸಿತು. ಅದರ ಒಳಗೂ ಧೂಳು ಹೊಕ್ಕು ಗಟ್ಟಿಯಾಗಿತ್ತು, ಅಂದರೆ ಅದು ಆ ದಿನದ್ದೂ ಅಲ್ಲ, ಹಿಂದಿನ ದಿನದ್ದೂ ಅಲ್ಲ. ತಮ್ಮ ಸಿಬ್ಬಂದಿಗೆ ತೋರಿಸಿದಾಗ ಅವರು ಹೇಳಿದ್ದು ಇಷ್ಟೇ: "ಅದೆಲ್ಲಾ ಹಳೇದ್ರೀ ಸರ್, ಏನೂ ಆಗಂಗಿಲ್ಲ, ನೀವು ಹೋಗಿ ಬರ್ರಿ." ಆ ಮಾತು ಸೇರಿದಂತೆ ನಾನು ಅಲ್ಲೇ ಮಾಡಿಕೊಂಡ ವಿಡಿಯೊವನ್ನು ಈ ಪತ್ರಕ್ಕೆ ಲಗತ್ತಿಸಿದ್ದೇನೆ. ತಮ್ಮ ಆ್ಯಪ್‌ನಲ್ಲಿ ನಾಲ್ಕು ದಿಕ್ಕಿನಿಂದ ನಾಲ್ಕು ಫೋಟೊ ಹಾಕಲು ಮಾತ್ರ ಅವಕಾಶವಿದ್ದುದರಿಂದ ಗೀರಿನ ಹತ್ತಿರದ ಚಿತ್ರ ಅಲ್ಲಿ ಸೇರಲಿಲ್ಲ.

ದೂರವಾಣಿಯಲ್ಲಿ ವಿಚಾರಿಸಿದಾಗ, ನಾವು ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಇಳಿಯುವಷ್ಟರಲ್ಲಿ ಕೆಳಗೆ ನಿಲ್ಲಿಸಿದ್ದ ಕಾರಿಗೆ ಯಾರಾದರೂ ತಾಗಿಸಿರಬಹುದು ಎಂದು ತಮ್ಮವರು ಊಹಿಸಿದರು. ಊಹೆಯ ಮೇಲೆ ಹಣ ಮುರಿದುಕೊಳ್ಳುವುದು ಯಾವ ನ್ಯಾಯ? ಅದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ನಾನು ಕಾರು ಪಡೆದಾಗ ಮೀಟರಿನಲ್ಲಿ 60,918 ಕಿಲೋಮೀಟರ್ ಇತ್ತು, ಹಿಂತಿರುಗಿಸಿದಾಗ 61,642 ಇತ್ತು ಎಂದು ತಮ್ಮದೇ ರಸೀದಿ ಹೇಳುತ್ತದೆ. ಆದರೆ ಹಾನಿಯ ಪುರಾವೆಯೆಂದು ತಾವು ಕಳುಹಿಸಿದ ಫೋಟೊಗಳಲ್ಲಿ ಒಂದು ಮೀಟರಿನದು, ಅದರಲ್ಲಿರುವುದು 61,807. ನನ್ನ ಕೈಬಿಟ್ಟ ಮೇಲೆ 165 ಕಿಲೋಮೀಟರ್ ಓಡಿದ ಕಾರಿನ ಗಾಯಗಳಿಗೆ ನಾನು ಹೇಗೆ ಹೊಣೆಯಾಗುತ್ತೇನೆ? ದುರಸ್ತಿಯ ಬಿಲ್ಲು ಕೇಳಿದರೆ, ಗ್ಯಾರೇಜಿನ ಹೆಸರೂ ಜಿಎಸ್‌ಟಿ ಸಂಖ್ಯೆಯೂ ಇಲ್ಲದ ಬಿಳಿ ಹಾಳೆಯೊಂದನ್ನು ಕಳುಹಿಸಿದ್ದೀರಿ.

ಇನ್ನೊಂದು ವಿಷಯವನ್ನು ಹಣಕ್ಕಿಂತ ಗಂಭೀರವಾಗಿ ಪರಿಗಣಿಸಬೇಕೆಂದು ಕೋರುತ್ತೇನೆ. ಗ್ರಾಹಕನೇ ಓಡಿಸುವ ಬಾಡಿಗೆ ಕಾರಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರವಿರಬೇಕು ಎಂಬುದು ನಿಯಮ. ನನಗೆ ಕೊಟ್ಟದ್ದು ಸ್ವಂತ ಬಳಕೆಯ ಬಿಳಿ ಬೋರ್ಡಿನ ಕಾರು. ಕಪ್ಪು ಬೋರ್ಡಿನವು ಎಲ್ಲವೂ ಹೊರಗೆ ಹೋಗಿವೆ ಎಂದರು, ಮನೆಯಲ್ಲಿ ನೆಂಟರು ಹೊರಟು ನಿಂತಿದ್ದರಿಂದ ನಾನೂ ಒಪ್ಪಿಕೊಂಡೆ, ಒಪ್ಪಬಾರದಿತ್ತು. ಸ್ವಂತ ಬಳಕೆಯ ಕಾರಿನ ವಿಮೆ ಬಾಡಿಗೆಗೆ ಓಡಿಸುವಾಗ ಆದ ಅಪಘಾತದ ನಷ್ಟ ಕಟ್ಟಿಕೊಡುವುದಿಲ್ಲ. ಇಬ್ಬರು ಮಕ್ಕಳೂ ನನ್ನ ಎಪ್ಪತ್ತು ದಾಟಿದ ತಾಯಿಯೂ ಕೂತಿದ್ದ ಆ ಕಾರಿಗೆ ಮಂತ್ರಾಲಯದ ದಾರಿಯಲ್ಲಿ ಏನಾದರೂ ಆಗಿದ್ದರೆ ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಮಗಳ ಮನೆಗೆಂದು ನ್ಯೂಜಿಲೆಂಡಿಗೆ ಹೋಗಿದ್ದಾಗ, ಬಳ್ಳಾರಿಯ ಆರ್‌ಟಿಒ ಕಚೇರಿಯಲ್ಲಿ 1,000 ರೂಪಾಯಿ ಶುಲ್ಕ ಕಟ್ಟಿ ಪಡೆದಿದ್ದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಜೊತೆಗಿಟ್ಟುಕೊಂಡು ಅಲ್ಲಿಯೂ ಕಾರು ಬಾಡಿಗೆಗೆ ಪಡೆದಿದ್ದೆ. ಹಿಂತಿರುಗಿಸುವಾಗ ಅಲ್ಲಿಯ ನೌಕರ ನನ್ನನ್ನು ಜೊತೆಗೇ ಕರೆದುಕೊಂಡು ಕಾರಿನ ಸುತ್ತ ಒಂದು ಸುತ್ತು ಬಂದು, ಇಂಧನ, ಕಿಲೋಮೀಟರು, ಹಳೆಯ ಗೀರುಗಳನ್ನೆಲ್ಲ ಹಾಳೆಯಲ್ಲಿ ಬರೆದು, ಇಬ್ಬರ ಸಹಿಯೂ ಆದ ಮೇಲೆಯೇ ಕೀಲಿ ತೆಗೆದುಕೊಂಡರು. ಐದು ನಿಮಿಷದ ಕೆಲಸ. ಬಳ್ಳಾರಿಯ ಶಾಖೆಯಲ್ಲಿ ಅದು ಆಗದಿರಲು ಕಾರಣವೇ ಇಲ್ಲ.

ಆದ್ದರಿಂದ ಈ ಪತ್ರ ತಲುಪಿದ ಹದಿನೈದು ದಿನಗಳ ಒಳಗೆ 7,800 ರೂಪಾಯಿಯನ್ನು ನನ್ನ ಖಾತೆಗೆ ಮರಳಿಸಬೇಕು. ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಕೊಟ್ಟದ್ದಕ್ಕೆ ಲಿಖಿತ ಉತ್ತರ ನೀಡಬೇಕು. ಇನ್ನು ಮುಂದೆ ಕಾರಿನ ಸ್ಥಿತಿಯನ್ನು ಗ್ರಾಹಕರ ಎದುರೇ ಪರಿಶೀಲಿಸಿ ಇಬ್ಬರೂ ಸಹಿ ಮಾಡುವ ಕ್ರಮವನ್ನು ಬಳ್ಳಾರಿ ಶಾಖೆಯಲ್ಲಿ ಜಾರಿಗೆ ತರಬೇಕು. ವ್ಯಾಜ್ಯವೇನಿದ್ದರೂ ಬೆಂಗಳೂರಿನಲ್ಲೇ ಎಂದು ತಮ್ಮ ಕರಾರಿನಲ್ಲಿ ಬರೆದಿದೆ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ದಾಖಲಿಸಬಹುದು, ಅದಕ್ಕೆ ಎರಡು ವರ್ಷಗಳ ಕಾಲಾವಕಾಶವೂ ಇದೆ. ಉತ್ತರ ಬಾರದಿದ್ದರೆ 1915 ಸಹಾಯವಾಣಿಗೂ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಇದೇ ದಾಖಲೆಗಳನ್ನು ಸಲ್ಲಿಸುತ್ತೇನೆ.

ಲಗತ್ತುಗಳು: ಕೀಲಿ ಪಡೆದ ದಿನದ ವಿಡಿಯೊ, ಎರಡೂ ರಸೀದಿಗಳು, ತಾವು ಕಳುಹಿಸಿದ ಮೀಟರಿನ ಫೋಟೊ ಮತ್ತು ದುರಸ್ತಿಯ ಹಾಳೆ.

ಇಂತಿ ತಮ್ಮ ಗ್ರಾಹಕ,
ಕೌಲ್ ಬಜಾರ್, ಬಳ್ಳಾರಿ