ಕುದುರೆ ಕೊಳ್ಳುವ ಮೊದಲು ಅದರ ಬಾಯಿ ನೋಡು

ತೀರ್ಥಹಳ್ಳಿ

ಪ್ರೀತಿಯ ಪುಟ್ಟಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಹೋಂಸ್ಟೇಗೆ ಒಂದು ಕುದುರೆ ತರ್ತೀಯಂತೆ, ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಬಂದ ಮಕ್ಕಳನ್ನು ಕೂರಿಸಿ ತೋಟದ ದಾರಿಯಲ್ಲಿ ಒಂದು ಸುತ್ತು ಹಾಕಿಸುವ ಯೋಚನೆ ಚೆನ್ನಾಗಿದೆ. ಆದರೆ ಮಾರುವವನು "ಆರು ವರ್ಷದ್ದು" ಅಂದ ಕೂಡಲೇ ಅಡ್ವಾನ್ಸ್ ಕೊಡಬೇಡ. ಪಶು ಆಸ್ಪತ್ರೆಯಲ್ಲಿ ಅಷ್ಟು ಕಾಲ ಕೆಲಸ ಮಾಡಿದವನು ನಾನು. ಹದಿನೈದು ದಾಟಿದ ಕುದುರೆಗೂ ಆರು, ಏಳು ಎಂದೇ ಹೇಳುವವರನ್ನು ಕಂಡಿದ್ದೇನೆ. ಬಾಯಿ ತೆರೆದು ನೀನೇ ನೋಡಬೇಕು.

ನಮ್ಮ ಕೊಟ್ಟಿಗೆಯ ಮಲೆನಾಡು ಗಿಡ್ಡ ದನಗಳ ನಡುವೆ ಬೆಳೆದವಳು ನೀನು. ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿ ಕೂಡಿದ್ದು (ಹಾಲು ಹಲ್ಲೆಲ್ಲ ಬದಲಾಗಿ ಮುಗಿದದ್ದು) ಅನ್ನುವ ಲೆಕ್ಕ ನಿನಗೆ ಹೊಸದಲ್ಲ. ಕುದುರೆಗೂ ಹೆಚ್ಚುಕಡಿಮೆ ಅದೇ ದಾರಿ. ದನಕ್ಕೆ ಮೇಲೆ ಬಾಚಿ ಹಲ್ಲೇ ಇಲ್ಲ, ಕೆಳಗೆ ಎಂಟು. ಕುದುರೆಗೆ ಮೇಲೆ ಆರು, ಕೆಳಗೆ ಆರು. ಮಧ್ಯದ ಜೋಡಿ, ಪಕ್ಕದ ಜೋಡಿ, ಮೂಲೆಯ ಜೋಡಿ ಅಂತ ಬೇರೆ ಬೇರೆಯಾಗಿ ನೋಡಬೇಕು.

ಹಾಲು ಹಲ್ಲು ಚಿಕ್ಕದು, ಬೆಳ್ಳಗಿರುತ್ತದೆ, ಒಸಡಿನ ಹತ್ತಿರ ಸಪೂರ. ಆಮೇಲೆ ಬರುವ ಹಲ್ಲು ಅಗಲ, ಸ್ವಲ್ಪ ಹಳದಿ, ಮೈಮೇಲೆ ಉದ್ದುದ್ದ ಗೀರು. ಮಧ್ಯದ ಜೋಡಿ ಬದಲಾಗುವುದು ಎರಡೂವರೆ ವರ್ಷಕ್ಕೆ, ಪಕ್ಕದ್ದು ಮೂರೂವರೆಗೆ, ಮೂಲೆಯದ್ದು ನಾಲ್ಕೂವರೆಗೆ. 5 ವರ್ಷಕ್ಕೆ ಬಾಯಿ ಕೂಡಿತು. ಅಷ್ಟರೊಳಗೆ ಗಂಡಿಗೆ ಕೋರೆ ಹಲ್ಲೂ ಬಂದಿರುತ್ತದೆ, ಹೆಣ್ಣಿಗೆ ಸಾಮಾನ್ಯವಾಗಿ ಇರುವುದಿಲ್ಲ. ಇಲ್ಲಿಯವರೆಗಿನ ವಯಸ್ಸನ್ನು ಆರು ತಿಂಗಳು ಆಚೀಚೆ ಅಷ್ಟೇ, ಧೈರ್ಯವಾಗಿ ಹೇಳಬಹುದು.

ಆಮೇಲಿನದಕ್ಕೆ ಸವೆತ ನೋಡಬೇಕು. ಕುದುರೆ ಹಲ್ಲು ಮೇಯುತ್ತಾ ಸವೆಯುತ್ತದೆ, ಸವೆದಷ್ಟು ಒಸಡಿನಿಂದ ಹೊರಗೆ ಬರುತ್ತದೆ. ಕೆಳಗಿನ ಬಾಚಿ ಹಲ್ಲಿನ ತಲೆಯ ಮೇಲೆ ಕಪ್ಪಗೆ ಒಂದು ಗುಳಿ ಕಾಣುತ್ತದೆ. ಮಧ್ಯದ ಜೋಡಿಯ ಗುಳಿ ಸುಮಾರು 6 ವರ್ಷಕ್ಕೆ ಸವೆದು ಹೋಗುತ್ತದೆ, ಪಕ್ಕದ್ದು 7ಕ್ಕೆ, ಮೂಲೆಯದ್ದು 8ಕ್ಕೆ. ಹಾಗೇ ಹಲ್ಲಿನ ತಲೆಯ ಆಕಾರವೂ ಬದಲಾಗುತ್ತದೆ. ಚಿಕ್ಕ ವಯಸ್ಸಿನಲ್ಲಿ ಅಡ್ಡಕ್ಕೆ ಮೊಟ್ಟೆಯಾಕಾರ, ನಡುವಯಸ್ಸಿನಲ್ಲಿ ದುಂಡಗೆ, ಮುದಿಯಾದಾಗ ತ್ರಿಕೋನ. ಹಿಂದೆ ಕೆಲವರು ಮುದಿ ಕುದುರೆಯ ಹಲ್ಲು ಕೊರೆದು, ಸುಟ್ಟು, ಸುಳ್ಳು ಗುಳಿ ಮಾಡಿ ಮಾರುತ್ತಿದ್ದರು. ನಿಜವಾದ ಗುಳಿಯ ಸುತ್ತ ಬಿಳಿ ಬಳೆ ಇರುತ್ತದೆ, ಬೆರಳಿಗೆ ಉಬ್ಬಾಗಿ ಸಿಗುತ್ತದೆ. ಕೊರೆದದ್ದಕ್ಕೆ ಆ ಬಳೆ ಇರುವುದಿಲ್ಲ. ತ್ರಿಕೋನ ಹಲ್ಲಿನಲ್ಲಿ ಕಪ್ಪು ಗುಳಿ ಕಂಡರೆ ಅಲ್ಲೇ ವ್ಯಾಪಾರ ಬಿಟ್ಟು ಬಾ.

10 ದಾಟಿದ್ದಕ್ಕೆ ಇನ್ನೊಂದು ಗುರುತಿದೆ. ಮೇಲಿನ ಮೂಲೆ ಹಲ್ಲಿನ ಹೊರಮೈಯಲ್ಲಿ, ಒಸಡಿನ ಬುಡದಲ್ಲಿ, ಒಂದು ಕಂದು ಗೆರೆ ಇಣುಕುತ್ತದೆ. 15ಕ್ಕೆ ಅದು ಅರ್ಧ ಹಲ್ಲಿಗೆ ಇಳಿದಿರುತ್ತದೆ, 20ಕ್ಕೆ ತುದಿ ಮುಟ್ಟುತ್ತದೆ. ಆಮೇಲೆ ಮೇಲಿನಿಂದ ಮಾಯವಾಗುತ್ತಾ 30ರ ಹೊತ್ತಿಗೆ ಇರುವುದೇ ಇಲ್ಲ. ಇದನ್ನು ಗಾಲ್ವೇನ್ ಗೆರೆ ಅನ್ನುತ್ತಾರೆ. ಇದೊಂದನ್ನೇ ನಂಬಬೇಡ, ಕೆಲವು ಕುದುರೆಗೆ ಗೆರೆ ಸರಿಯಾಗಿ ಮೂಡುವುದೇ ಇಲ್ಲ. ಪಕ್ಕದಿಂದಲೂ ನೋಡು. ಎಳೆಯದಕ್ಕೆ ಮೇಲಿನ ಹಲ್ಲು, ಕೆಳಗಿನ ಹಲ್ಲು ನೇರಕ್ಕೆ ಕೂತಿರುತ್ತವೆ. ವಯಸ್ಸಾದಂತೆ ಮುಂದಕ್ಕೆ ಚಾಚಿ ಕೊಕ್ಕಿನ ಹಾಗೆ ಆಗುತ್ತವೆ.

ಇದನ್ನೆಲ್ಲ ಸೇರಿಸಿ ನೋಡಿದರೂ 10ರ ಮೇಲೆ ವಯಸ್ಸು ಅಂದಾಜೇ. "ಹನ್ನೆರಡರಿಂದ ಹದಿನೈದರೊಳಗೆ" ಅಂತ ಹೇಳುವ ಡಾಕ್ಟರನ್ನು ನಂಬು. "ಹದಿಮೂರು ವರ್ಷ ನಾಲ್ಕು ತಿಂಗಳು" ಅನ್ನುವವನನ್ನು ನಂಬಬೇಡ. ಗೋದಲಿಯ ಮರ ಕಚ್ಚುವ ಚಟ ಇದ್ದರೆ ಮುಂದಿನ ಹಲ್ಲು ಬೇಗ ಸವೆಯುತ್ತದೆ. ಮರಳು ನೆಲದಲ್ಲಿ ಮೇಯ್ದದ್ದಕ್ಕೂ ಅಷ್ಟೇ. ಕಣ್ಣಿನ ಮೇಲಿನ ಗುಳಿ, ಬಿಳಿ ಕೂದಲು ನೋಡಿ ಸುಮ್ನೆ ವಯಸ್ಸು ಕಟ್ಟಬೇಡ. ಬೂದು ಕುದುರೆಗಳು ಎಷ್ಟೋ ಸಲ ಹತ್ತರೊಳಗೇ ಬೆಳ್ಳಗಾಗುತ್ತವೆ.

ಬಾಯಿ ನೋಡುವಾಗ ಎದುರಿಗೆ ನಿಲ್ಲಬೇಡ, ಎಡಪಕ್ಕಕ್ಕೆ ನಿಲ್ಲು. ಮೊದಲು ಕುತ್ತಿಗೆ ಸವರಿ ಮಾತಾಡಿಸು. ಒಂದು ಕೈ ಮೂಗಿನ ಮೇಲಿಟ್ಟು ಇನ್ನೊಂದು ಕೈಯಿಂದ ತುಟಿ ಬಿಡಿಸಿದರೆ ಗೆರೆ, ಹಲ್ಲು ಮುಂದಕ್ಕೆ ಚಾಚಿದ ಓರೆ ಎರಡೂ ಕಾಣುತ್ತವೆ. ಗುಳಿ ನೋಡಲು ಬಾಯಿ ತೆರೆಸಲೇಬೇಕು. ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಖಾಲಿ ಜಾಗ ಇದೆಯಲ್ಲ, ಅಲ್ಲಿ ಹೆಬ್ಬೆರಳು ಒತ್ತಿದರೆ ತಾನೇ ಬಾಯಿ ಬಿಡುತ್ತದೆ. ದವಡೆ ಕಡೆ ಬೆರಳು ಹೋಗದಂತೆ ನೋಡಿಕೋ. ಅಲ್ಲಿ ಸಿಕ್ಕರೆ ಬೆರಳು ಜಜ್ಜಿ ಹೋಗುತ್ತದೆ.

ಇನ್ನು ಯಾವ ವಯಸ್ಸಿನದು ತರಬೇಕು? ಎಳೆಯದೇ ಬೇಕು ಅಂತ ಹಟ ಹಿಡಿಯಬೇಡ. ಮಕ್ಕಳು ಕೂರುವುದಕ್ಕೆ 4 ವರ್ಷದ್ದು ಬೇಡವೇ ಬೇಡ, ಬೆದರುತ್ತದೆ. 10ರಿಂದ 14ರೊಳಗಿನ, ಜನ ಕಂಡ, ಮೆತ್ತಗಿನ ಕುದುರೆ ಸಿಕ್ಕರೆ ಅದೇ ಒಳ್ಳೆಯದು. ಚೆನ್ನಾಗಿ ನೋಡಿಕೊಂಡರೆ ಕುದುರೆ 25 ವರ್ಷ ಬದುಕುತ್ತದೆ. ಹನ್ನೆರಡು ಅಂದರೆ ಮುದಿ ಅಲ್ಲ, ದುಡಿಯುವ ವಯಸ್ಸು. ಆದರೆ 12ರ ಕುದುರೆಗೆ 6ರ ಬೆಲೆ ಕೊಡಬಾರದು, ನಾನು ಹೇಳುವುದು ಅಷ್ಟೇ. ರೇಸಿನಿಂದ ಬಿಟ್ಟ ಥರೋಬ್ರೆಡ್ ಆದರೆ ಪಾಸ್‌ಪೋರ್ಟ್, ಮೈಕ್ರೋಚಿಪ್ ಕೇಳು. ಅವಕ್ಕೆ ಯಾವ ತಿಂಗಳಲ್ಲಿ ಹುಟ್ಟಿದರೂ ಜನವರಿ 1ರಿಂದ ವಯಸ್ಸು ಎಣಿಸುತ್ತಾರೆ. ಆ ಜಾತಿ ಚುರುಕು ಜಾಸ್ತಿ, ನಿನ್ನ ಕೆಲಸಕ್ಕೆ ಹೊಂದುವುದು ಕಷ್ಟ.

ನೋಡಲು ಹೋದಾಗ ಬಿಸಿಲಿನಲ್ಲಿ ನಿಲ್ಲಿಸಿ ಫೋಟೋ ತೆಗೆ. ತುಟಿ ಬಿಡಿಸಿ ಎದುರಿನಿಂದ ಒಂದು, ಪಕ್ಕದಿಂದ ಒಂದು, ಮೇಲಿನ ಮೂಲೆ ಹಲ್ಲಿನದು ಹತ್ತಿರದಿಂದ ಒಂದು. ನನಗೆ ವಾಟ್ಸಾಪ್ ಮಾಡು. ದುಡ್ಡು ಕೊಡುವ ಮೊದಲು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ಒಮ್ಮೆ ವಿಚಾರಿಸು, ಗ್ಲಾಂಡರ್ಸ್‌ಗೆ ರಕ್ತಪರೀಕ್ಷೆ ಮಾಡಿಸದೆ ಮನೆಗೆ ತರಬೇಡ. ಅದು ಮನುಷ್ಯರಿಗೂ ಅಂಟುವ ರೋಗ.

ಲಾಯಕ್ಕೆ ಜಾಗ ಎಲ್ಲಿ ಅಂತ ಇನ್ನೂ ಹೇಳಲಿಲ್ಲ ನೀನು. ತೋಟದ ತಗ್ಗಿನಲ್ಲಿ ಬೇಡ, ಮಳೆಗಾಲದಲ್ಲಿ ನೀರು ನಿಂತು ಗೊರಸು ಕೊಳೆಯುತ್ತದೆ. ಮನೆ ಹಿಂದಿನ ದಿಬ್ಬ ನೋಡು.

ಇತಿ,
ನಿನ್ನ ಮಾವ