ಹೆಸರು ಹೇಳದೆ ಹೋದ ಅಕ್ಕಾವರಿಗೆ

ಅಕ್ಕಾ, ಪುಣೆಯ ನಮ್ಮ ಕನ್ನಡ ಶಾಲೆಗೆ ಮೀರಜಿನ ಎರಡು ತಂಬೂರಿ ಬಂದಿವೆ. ಹಾರ್ಮೋನಿಯಂನ ಹರಿದ ತಿದಿ ರಿಪೇರಿಯಾಗಿದೆ. ಇದು ನಿಮ್ಮಿಂದಾದದ್ದು.

ಸವಾಯಿ ಗಂಧರ್ವ ಸಂಗೀತ ಉತ್ಸವದ ವಿರಾಮದಲ್ಲಿ ನನ್ನ ಅಳಲನ್ನು ಪೂರ್ತಿ ಕೇಳಿಸಿಕೊಂಡಿರಿ. ಶಾಲೆಯ ಖರ್ಚಿನಲ್ಲಿ ವಾದ್ಯಗಳಿಗೆಂದು ಏನೂ ಉಳಿಯುವುದಿಲ್ಲ, ಪಾಲಕರನ್ನು ಮತ್ತೆ ಮತ್ತೆ ಕೇಳಲು ಮನಸ್ಸಾಗುವುದಿಲ್ಲ ಎಂದಿದ್ದೆ. ದೇಣಿಗೆ ಕೊಟ್ಟು ಕಳಿಸಬಹುದಿತ್ತು ನೀವು. ಅದರ ಬದಲು ದಾರಿ ತೋರಿಸಿದಿರಿ, ಅದೇ ದೊಡ್ಡದು.

2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನಾದರೂ ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು, ಶಿಕ್ಷಣವೂ ಆ ಪಟ್ಟಿಯಲ್ಲಿದೆ ಎಂದು ತಿಳಿಸಿದಿರಿ. ಆ ಹಣ ಪಡೆಯಲು ಶಾಲೆ ನಡೆಸುವ ಟ್ರಸ್ಟಿಗೆ ಸಿಎಸ್‌ಆರ್-1 ಎಂಬ ಸರ್ಕಾರಿ ನೋಂದಣಿ ಬೇಕು ಎಂಬುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. "ಕಂಪನಿಗೆ ಕೊಡೋ ಅರ್ಜಿಯೊಳಗ ಸಂಗೀತಕ್ಕೆ ನೆರವು ಬೇಕು ಅಂತಷ್ಟೇ ಬರೀಬ್ಯಾಡ್ರಿ, ಯಾವ ವಾದ್ಯ, ಎಷ್ಟು ಮಕ್ಕಳು, ವರ್ಷಾ ರಿಪೇರಿಗೆ ಎಷ್ಟು, ಎಲ್ಲಾ ಬರೀರಿ" ಅಂದಿರಿ. ಮೀರಜಿನ ಕುಶಲಕರ್ಮಿಗಳಿಂದಲೇ ದರಪಟ್ಟಿ ತರಿಸಲು ಹೇಳಿದ್ದೂ ನೀವೇ. ಆ ರಿಪೇರಿಯ ಸಾಲು ಬಹಳ ಮುಖ್ಯವಾಯಿತು. ಮಳೆಗಾಲದ ತೇವಕ್ಕೆ ತಬಲಾದ ಚರ್ಮ ಸಡಿಲಾಗುತ್ತದೆ. ವಾದ್ಯ ಕೊಂಡರೆ ಸಾಲದು, ಕಾಪಾಡಲೂ ದುಡ್ಡು ಬೇಕು.

ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಗಾರೆ ಕೆಲಸಕ್ಕೆಂದು ಕಲಬುರಗಿ, ವಿಜಯಪುರ ಕಡೆಯಿಂದ ಬಂದವರ ಮಕ್ಕಳು. ಈಗ ಅವರ ಕೈಗೆ ಸುಶ್ರಾವ್ಯ ತಂಬೂರಿ ಸಿಕ್ಕಿದೆ. ಮನಸಾರೆ ವಂದನೆ ಅಕ್ಕಾ. ಶನಿವಾರ ಬೆಳಿಗ್ಗೆ ತರಗತಿ ಇರುತ್ತದೆ, ಒಮ್ಮೆ ಬನ್ನಿ.